ನಾಲ್ಕು ಗಾಲಿಯ ಮನೆ: ಕರೆಂಟು, ತೇವ, ನೀರು, ತೂಕ

ಎಲ್ಲರಿಗೂ ನಮಸ್ಕಾರ.

ವ್ಯಾನಿನಲ್ಲೇ ವಾಸ ಮಾಡಿಕೊಂಡು ಊರೂರು ಸುತ್ತಬೇಕೆಂಬ ಆಸೆ ಹೊತ್ತು ಬಂದವರು ನೀವು. ಕಿಟಕಿಯಾಚೆ ಕಾಣುವ ಬೆಟ್ಟ, ಸಮುದ್ರದ ಸೊಗಸನ್ನು ನಾನು ವರ್ಣಿಸಬೇಕಾಗಿಲ್ಲ. ಈ ಹೊತ್ತಿನ ಮಾತೆಲ್ಲ ಕಿಟಕಿಯ ಈಚೆಯದು. ಮನೆಯಲ್ಲಿ ನಲ್ಲಿ ತಿರುಗಿಸಿದರೆ ನೀರು ಬರುತ್ತದೆ, ಸ್ವಿಚ್ ಒತ್ತಿದರೆ ದೀಪ ಹತ್ತುತ್ತದೆ, ಬಚ್ಚಲ ನೀರು ಎಲ್ಲಿಗೋ ಹರಿದು ಹೋಗುತ್ತದೆ. ಎಷ್ಟು ಬಂತು, ಎಷ್ಟು ಹೋಯಿತು ಎಂದು ಯಾರೂ ಕೇಳುವುದಿಲ್ಲ. ವ್ಯಾನಿನಲ್ಲಿ ಒಂದೊಂದು ಲೀಟರ್ ನೀರನ್ನೂ ನೀವೇ ತುಂಬಬೇಕು, ಹೊರಬೇಕು, ಬಳಸಿದ ಮೇಲೆ ನೀವೇ ಖಾಲಿ ಮಾಡಬೇಕು. ಕರೆಂಟಿಗೂ ಇದೇ ಮಾತು, ನಿಮ್ಮ ಉಸಿರಿನಿಂದ ಹೊರಡುವ ತೇವಕ್ಕೂ ಇದೇ ಮಾತು. ವ್ಯಾನ್ ವಾಸ ಕೆಡುವುದು ಸಾಮಾನ್ಯವಾಗಿ ಈ ಲೆಕ್ಕ ಹಾಕದೆ ಬಿಟ್ಟ ಕಡೆಯಲ್ಲೇ.

ಮೊದಲು ಕರೆಂಟು. ಸೋಲಾರ್ ಪ್ಯಾನೆಲ್ ಎಷ್ಟು ದೊಡ್ಡದಿರಬೇಕು ಎಂದು ಶುರುಮಾಡುವವರೇ ಹೆಚ್ಚು. ಅದಕ್ಕೂ ಮುಂಚೆ ಒಂದು ದಿನದ ಖರ್ಚನ್ನು ಕಾಗದದ ಮೇಲೆ ಬರೆಯಿರಿ. 45 ಲೀಟರಿನ ಕಂಪ್ರೆಸರ್ ಫ್ರಿಜ್ ಓಡುವಾಗ ಸುಮಾರು 45 ವ್ಯಾಟ್ ಎಳೆಯುತ್ತದೆ. ದಿನವಿಡೀ ಓಡುವುದಿಲ್ಲ, ಸೆಖೆಯ ದಿನಗಳಲ್ಲಿ ಹೆಚ್ಚುಕಡಿಮೆ 10 ಗಂಟೆ ಓಡುತ್ತದೆ ಎಂದುಕೊಂಡರೆ 450 ವ್ಯಾಟ್-ಅವರ್. 50 ವ್ಯಾಟಿನ ಲ್ಯಾಪ್‌ಟಾಪ್ 4 ಗಂಟೆಗೆ 200. ರಾತ್ರಿ 8 ಗಂಟೆ ಫ್ಯಾನು, 20 ವ್ಯಾಟಿನಂತೆ 160. ದೀಪ, ಎರಡು ಮೊಬೈಲು, ನೀರಿನ ಪಂಪು ಎಲ್ಲ ಸೇರಿ 70. ಒಟ್ಟು 880. ವೈರಿನಲ್ಲಿ, ಇನ್ವರ್ಟರಿನಲ್ಲಿ ಸೋರುವುದನ್ನೂ ಕೂಡಿಸಿ 1000 ಎಂದೇ ಇಟ್ಟುಕೊಳ್ಳಿ.

ಈಗ ಬ್ಯಾಟರಿ. 12.8 ವೋಲ್ಟಿನ, 100 ಆಂಪಿಯರ್-ಅವರಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 1280 ವ್ಯಾಟ್-ಅವರ್ ಇರುತ್ತದೆ. ಅದರಲ್ಲಿ ಶೇ. 80–90ರಷ್ಟನ್ನು ಧೈರ್ಯವಾಗಿ ಬಳಸಬಹುದು. ಅಂದರೆ ಬಿಸಿಲೇ ಇಲ್ಲದ ಒಂದು ದಿನ ಕಳೆಯುತ್ತದೆ, ಎರಡನೆಯ ದಿನ ಕಳೆಯುವುದಿಲ್ಲ. ಅಷ್ಟೇ ಅಳತೆಯ ಲೆಡ್-ಆಸಿಡ್ ಬ್ಯಾಟರಿಯಾದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಇಳಿಸುತ್ತಾ ಹೋದರೆ ಪ್ಲೇಟುಗಳ ಮೇಲೆ ಸಲ್ಫೇಟು ಗಟ್ಟಿಯಾಗಿ ಕೂತು ಬ್ಯಾಟರಿಯ ಆಯಸ್ಸು ಕರಗುತ್ತದೆ. ಲಿಥಿಯಂಗೂ ಒಂದು ಪಥ್ಯವಿದೆ. ಬ್ಯಾಟರಿಯೊಳಗಿನ ಉಷ್ಣತೆ 0 ಡಿಗ್ರಿಗಿಂತ ಕೆಳಗಿದ್ದಾಗ ಚಾರ್ಜ್ ಮಾಡಕೂಡದು. ಮಾಡಿದರೆ ಲಿಥಿಯಂ ಲೋಹವಾಗಿಯೇ ಮೆತ್ತಿಕೊಳ್ಳುತ್ತದೆ, ಹೋದ ಶಕ್ತಿ ಮತ್ತೆ ಬರುವುದಿಲ್ಲ. ಚಳಿ ಪ್ರದೇಶಕ್ಕೆ ಹೋಗುವವರು ತಣ್ಣಗಿದ್ದಾಗ ಚಾರ್ಜನ್ನು ತಾನೇ ತಡೆಯುವ ಬ್ಯಾಟರಿಯನ್ನೇ ಕೊಳ್ಳಿ, ಅದನ್ನು ವ್ಯಾನಿನ ಒಳಗಡೆಯೇ ಇಡಿ.

ಚಾವಣಿಯ ಮೇಲೆ ಅಂಗಾತ ಮಲಗಿಸಿದ 200 ವ್ಯಾಟ್ ಪ್ಯಾನೆಲ್ ಒಳ್ಳೆಯ ಬಿಸಿಲಿನ ದಿನ ಸುಮಾರು 700 ವ್ಯಾಟ್-ಅವರ್ ಕೊಡುತ್ತದೆ. ಮೋಡ ಕವಿದರೆ ಅದರ ಕಾಲು ಭಾಗವೂ ಬಾರದಿರಬಹುದು. ಒಂದು ಕೊಂಬೆಯ ನೆರಳು ಪ್ಯಾನೆಲಿನ ಮೂಲೆಗೆ ಬಿದ್ದರೂ ನಷ್ಟ ಆ ಮೂಲೆಗಷ್ಟೇ ನಿಲ್ಲುವುದಿಲ್ಲ, ಸೆಲ್ಲುಗಳೆಲ್ಲ ಸರಪಳಿಯಂತೆ ಜೋಡಣೆಯಾಗಿರುತ್ತವೆ. ಬಿಸಿಲಲ್ಲಿ ನಿಲ್ಲಿಸಿದರೆ ಬ್ಯಾಟರಿಗೆ ಸುಖ, ನೆರಳಲ್ಲಿ ನಿಲ್ಲಿಸಿದರೆ ನಿಮಗೆ ಸುಖ. ಬೇಸಿಗೆಯಲ್ಲಿ ಇದು ದಿನಾ ಬರುವ ತಗಾದೆ. ಹಾಗಾಗಿ ಎಂಜಿನ್ ಓಡುವಾಗಲೂ ಚಾರ್ಜ್ ಆಗುವ ವ್ಯವಸ್ಥೆ ಬೇಕೇ ಬೇಕು. ಆಲ್ಟರ್ನೇಟರಿಗೂ, ಅಂದರೆ ಎಂಜಿನ್ ತಿರುಗಿಸುವ ಜನರೇಟರಿಗೂ, ಮನೆಬಳಕೆಯ ಬ್ಯಾಟರಿಗೂ ನಡುವೆ ಕರೆಂಟನ್ನು ಅಳತೆಯಲ್ಲಿ ಬಿಡುವ ಡಿಸಿ-ಡಿಸಿ ಚಾರ್ಜರ್ ಹಾಕಿಸಿ. 30 ಆಂಪಿಯರಿನದಾದರೆ 2 ಗಂಟೆಯ ಓಟಕ್ಕೆ ಸುಮಾರು 800 ವ್ಯಾಟ್-ಅವರ್ ತುಂಬುತ್ತದೆ. ಖರ್ಚು ಉಳಿಸಲು ಬರೀ ರಿಲೇ (ಕರೆಂಟಿನಿಂದ ಒತ್ತಿಕೊಳ್ಳುವ ಸ್ವಿಚ್ಚು) ಹಾಕಿ ಲಿಥಿಯಂಗೆ ನೇರ ಜೋಡಿಸುವವರಿದ್ದಾರೆ. ಲಿಥಿಯಂ ಕೊಟ್ಟಷ್ಟನ್ನೂ ಕುಡಿಯುವ ಜಾತಿ. ಎಂಜಿನ್ ಐಡಲಿನಲ್ಲಿರುವಾಗ ಆಲ್ಟರ್ನೇಟರಿನ ಫ್ಯಾನು ನಿಧಾನವಾಗಿ ತಿರುಗುತ್ತದೆ, ಹೊರೆ ಮಾತ್ರ ಪೂರ್ತಿ ಇರುತ್ತದೆ. ಒಳಗಿನ ಸುರುಳಿ ಕಾದು ಕಾದು ಸುಟ್ಟುಹೋಗುವುದು ಆಗಲೇ.

ವೈರಿನ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ‘ಬ್ಯಾಟರಿಯಲ್ಲಿ ಇನ್ನೂ ಚಾರ್ಜ್ ಇದೆ, ಆದರೂ ಫ್ರಿಜ್ ಆಫ್ ಆಗುತ್ತದೆ’ ಎಂಬ ದೂರಿನ ಮೂಲ ಹೆಚ್ಚಾಗಿ ಇಲ್ಲೇ ಇರುತ್ತದೆ. ಬ್ಯಾಟರಿಯಿಂದ ಫ್ರಿಜ್ಜಿಗೆ 6 ಮೀಟರ್ ದೂರ ಎಂದಿಟ್ಟುಕೊಳ್ಳಿ. ಹೋಗಿ ಬರುವ ದಾರಿ 12 ಮೀಟರ್. 1.5 ಚದರ ಮಿಲಿಮೀಟರಿನ ತಾಮ್ರದ ವೈರು ಹಾಕಿದ್ದರೆ ಅದರ ರೋಧ 0.14 ಓಮ್. ಕಂಪ್ರೆಸರ್ 5 ಆಂಪಿಯರ್ ಎಳೆದಾಗ ದಾರಿಯಲ್ಲೇ 0.7 ವೋಲ್ಟ್ ಕಳೆದುಹೋಗುತ್ತದೆ. ಬ್ಯಾಟರಿಯಲ್ಲಿ 12.1 ಇದ್ದರೆ ಫ್ರಿಜ್ಜಿನ ಬಾಯಿಗೆ ತಲುಪುವುದು 11.4. ಬ್ಯಾಟರಿ ಬರಿದಾಗಿದೆಯೆಂದು ತಿಳಿದು ಫ್ರಿಜ್ ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ನಿಂತ ಕೂಡಲೇ ಹೊರೆ ಹೋಗಿ ವೋಲ್ಟೇಜ್ ಏರುತ್ತದೆ, ಮತ್ತೆ ಶುರುವಾಗುತ್ತದೆ, ಮತ್ತೆ ನಿಲ್ಲುತ್ತದೆ. ಬೆಳಗಾಗುವಷ್ಟರಲ್ಲಿ ಹಾಲು ಒಡೆದಿರುತ್ತದೆ. ಅದೇ ದಾರಿಗೆ 6 ಚದರ ಮಿಲಿಮೀಟರಿನ ವೈರು ಹಾಕಿ ನೋಡಿ, ನಷ್ಟ 0.2 ವೋಲ್ಟನ್ನೂ ಮುಟ್ಟುವುದಿಲ್ಲ. ಪರೀಕ್ಷೆ ಸುಲಭ. ಕಂಪ್ರೆಸರ್ ಓಡುತ್ತಿರುವಾಗಲೇ ವೋಲ್ಟೇಜ್ ತೋರಿಸುವ ಮಲ್ಟಿಮೀಟರಿನಿಂದ ಬ್ಯಾಟರಿಯ ತುದಿಯಲ್ಲಿ ಒಮ್ಮೆ, ಫ್ರಿಜ್ಜಿನ ತುದಿಯಲ್ಲಿ ಒಮ್ಮೆ ಅಳೆಯಿರಿ. ಎರಡರ ವ್ಯತ್ಯಾಸವೇ ನಿಮ್ಮ ವೈರಿನ ಬಣ್ಣ ಬಯಲು ಮಾಡುತ್ತದೆ. ಓಡದಿರುವಾಗ ಅಳೆದರೆ ಏನೂ ಗೊತ್ತಾಗುವುದಿಲ್ಲ.

ವ್ಯಾನ್ ಸದಾ ಅದುರುವ ಮನೆ. ಗೋಡೆಯೊಳಗೆ ಹಾಕುವ ಒಂಟಿ ಎಳೆಯ ಗಟ್ಟಿ ತಾಮ್ರದ ವೈರು ಇಲ್ಲಿ ಬಳುಕಿ ಬಳುಕಿ ಮುರಿಯುತ್ತದೆ. ಸಣ್ಣ ಎಳೆಗಳ ವೈರೇ ಬೇಕು. ತುದಿಗೆ ಲಗ್ಗು (ಲೋಹದ ತೊಡಪು) ಹಾಕಿ ಸರಿಯಾದ ಇಕ್ಕಳದಿಂದ ಅದುಮಿ ಕ್ರಿಂಪ್ ಮಾಡಿ. ಬರೀ ಬೆಸುಗೆ ಹಾಕಿದರೆ ಬೆಸುಗೆ ಮುಗಿಯುವ ಜಾಗದಲ್ಲಿ ವೈರು ಸೆಟೆದುಕೊಂಡು ಅಲ್ಲೇ ತುಂಡಾಗುತ್ತದೆ. ಫ್ಯೂಸನ್ನು ಬ್ಯಾಟರಿಯ ಪ್ಲಸ್ ತುದಿಗೆ ಆದಷ್ಟು ಹತ್ತಿರ ಕೂರಿಸಿ. ಅದು ವೈರಿನ ಕಾವಲುಗಾರ, ಆದ್ದರಿಂದ ಅದರ ಅಳತೆಯನ್ನು ವೈರಿನ ದಪ್ಪ ನೋಡಿ ನಿರ್ಧರಿಸಬೇಕು. ಬ್ಯಾಟರಿಗೂ ಫ್ಯೂಸಿಗೂ ನಡುವಿನ ವೈರು ಉಜ್ಜಿ ವ್ಯಾನಿನ ತಗಡಿಗೆ ತಗುಲಿದರೆ ಅಲ್ಲಿ ತಡೆಯುವವರು ಯಾರೂ ಇಲ್ಲ. ಇನ್ನು ಇನ್ವರ್ಟರಿಗೆ 2000 ವ್ಯಾಟಿನ ಕೆಟಲ್ ಜೋಡಿಸುವ ಆಸೆ ಇದ್ದವರಿಗೆ ಒಂದೇ ಅಂಕಿ ಹೇಳುತ್ತೇನೆ: 12 ವೋಲ್ಟಿನ ಕಡೆಯಲ್ಲಿ ಅದು 170 ಆಂಪಿಯರಿಗೂ ಹೆಚ್ಚು. ಹೆಬ್ಬೆರಳಿನ ಗಾತ್ರದ ಕೇಬಲ್ ಬೇಕಾಗುತ್ತದೆ. ನೀರನ್ನು ಗ್ಯಾಸಿನ ಮೇಲೆ ಕಾಯಿಸಿಕೊಳ್ಳಿ.

ಗ್ಯಾಸಿನ ಮಾತು ಬಂದಾಗ ತೇವದ ಮಾತೂ ಬಂದೇ ಬರುತ್ತದೆ. 100 ಗ್ರಾಂ ಪ್ರೊಪೇನ್ ಉರಿದರೆ ಸುಮಾರು 160 ಗ್ರಾಂ ನೀರು ಆವಿಯಾಗಿ ಹುಟ್ಟುತ್ತದೆ. ಇಂಧನದ ಹೈಡ್ರೋಜನ್ ಗಾಳಿಯ ಆಮ್ಲಜನಕದೊಡನೆ ಸೇರುವುದರಿಂದ ಉರಿದದ್ದಕ್ಕಿಂತ ಹೆಚ್ಚು ತೂಕದ ನೀರು ಬರುತ್ತದೆ. ಅನ್ನ ಬೇಯುವಾಗ ಪಾತ್ರೆಯಿಂದ ಏಳುವ ಆವಿ ಇದಲ್ಲದೆ ಬೇರೆ. ಇಬ್ಬರು ರಾತ್ರಿ ಮಲಗಿದರೆ ಉಸಿರು, ಬೆವರು ಸೇರಿ ಸುಮಾರು ಅರ್ಧ ಲೀಟರ್ ನೀರು ಗಾಳಿಗೆ ಸೇರುತ್ತದೆ. ನಾಲ್ಕು ಗೋಡೆಯೂ ತಗಡಾಗಿರುವ ಪೆಟ್ಟಿಗೆಯಲ್ಲಿ ಈ ನೀರು ಹೋಗುವುದೆಲ್ಲಿಗೆ? ಎಲ್ಲಿ ತಣ್ಣಗಿದೆಯೋ ಅಲ್ಲಿಗೆ. ಮೊದಲು ಗಾಜಿಗೆ, ಆಮೇಲೆ ಹೊದಿಕೆಯಿಲ್ಲದ ಉಕ್ಕಿನ ಪಕ್ಕೆಲುಬುಗಳಿಗೆ, ಕೊನೆಗೆ ನಿಮ್ಮ ಹಾಸಿಗೆಯ ಅಡಿಗೆ.

ಹಾಸಿಗೆಯ ಅಡಿ ಎಲ್ಲರೂ ಮರೆಯುವ ಜಾಗ. ಪ್ಲೈವುಡ್ ಹಲಗೆಯ ಮೇಲೆ ನೇರವಾಗಿ ಫೋಮ್ ಹಾಸಿದರೆ ಮೈಯ ಬೆಚ್ಚನೆಯ ಆವಿ ಫೋಮಿನೊಳಗೆ ಇಳಿದು ತಣ್ಣನೆ ಹಲಗೆಯ ಮೇಲೆ ನೀರಾಗುತ್ತದೆ. ಮೇಲಿನಿಂದ ಹಾಸಿಗೆ ಗರಿಗರಿಯಾಗಿಯೇ ಕಾಣುತ್ತದೆ. ಎರಡು ವಾರ ಬಿಟ್ಟು ಮಗ್ಗುಲು ಎತ್ತಿ ನೋಡಿ: ಬಟ್ಟೆಗೆ ಕರಿ ಚುಕ್ಕೆ, ಹಲಗೆಯ ಮೇಲೆ ಮೈಯ ಆಕಾರದಲ್ಲೇ ಒದ್ದೆ ಕಲೆ, ಮುಗ್ಗಲು ವಾಸನೆ. ಹಲಗೆಯ ಬದಲು ಸಂದು ಬಿಟ್ಟ ಪಟ್ಟಿಗಳನ್ನು ಜೋಡಿಸಿ, ಅಡಿಯಲ್ಲಿ ಗಾಳಿ ಆಡಲಿ, ಬೆಳಿಗ್ಗೆ ಎದ್ದೊಡನೆ ಹಾಸಿಗೆಯನ್ನು ಅರ್ಧ ಮಡಚಿ ನಿಲ್ಲಿಸಿ.

ಚಳಿಯೆಂದು ಎಲ್ಲ ಕಿಟಕಿ ಮುಚ್ಚುವುದೇ ದೊಡ್ಡ ತಪ್ಪು. ಚಾವಣಿಯ ಫ್ಯಾನನ್ನು ಅತಿ ಕಡಿಮೆ ವೇಗದಲ್ಲಿ ಗಾಳಿ ಹೊರಹಾಕುವಂತೆ ಬಿಡಿ. ಅದರಿಂದ ದೂರದ ತುದಿಯಲ್ಲಿ ಒಂದು ಕಿಟಕಿಯನ್ನು ಎರಡು ಬೆರಳು ತೆರೆದಿಡಿ. ಒಳಗೆ ಬರುವ ದಾರಿ ಇಲ್ಲದಿದ್ದರೆ ಫ್ಯಾನ್ ಸುಮ್ಮನೆ ತಿರುಗುತ್ತದೆ. ಇನ್ಸುಲೇಷನ್ ಹಾಕುವಾಗ ನೀರು ಹೀರದ ಮುಚ್ಚಿದ ಕೋಶದ ಫೋಮನ್ನು ತಗಡಿಗೆ ಸಂದಿಲ್ಲದಂತೆ ಅಂಟಿಸಿ. ಬಾಗಿಲಿನ ಕೆಳಅಂಚಿನಲ್ಲಿರುವ ಸಣ್ಣ ತೂತುಗಳನ್ನು ಮಾತ್ರ ದಯವಿಟ್ಟು ಮುಚ್ಚಬೇಡಿ. ಮಳೆನೀರು ಹೊರಹೋಗುವುದು ಅಲ್ಲಿಂದಲೇ. ಅವು ಮುಚ್ಚಿದರೆ ಬಾಗಿಲು ಒಳಗಿನಿಂದ ತುಕ್ಕು ಹಿಡಿಯುತ್ತದೆ, ಬಣ್ಣ ಉಬ್ಬುವ ಹೊತ್ತಿಗೆ ತಗಡು ಜರಡಿಯಾಗಿರುತ್ತದೆ.

ಗ್ಯಾಸಿನ ಅಪಾಯದ ಬಗ್ಗೆ ಸಡಿಲ ಮಾಡಿ ಹೇಳಲಾರೆ. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು, ಬ್ಯೂಟೇನ್ ಎರಡು ಪಟ್ಟು ಭಾರ. ಸೋರಿದರೆ ನೆಲಕ್ಕೇ ಇಳಿದು ಅಲ್ಲೇ ನಿಲ್ಲುತ್ತದೆ. ಸಿಲಿಂಡರ್ ಇಡುವ ಪೆಟ್ಟಿಗೆ ವಾಸದ ಕಡೆಗೆ ಪೂರ್ತಿ ಮುಚ್ಚಿರಬೇಕು, ಅದರ ತಳದಲ್ಲಿ ನೇರ ಹೊರಕ್ಕೆ ತೆರೆದ ತೂತು ಇರಬೇಕು, ಸಿಲಿಂಡರ್ ನೆಟ್ಟಗೆ ನಿಂತು ಬೆಲ್ಟಿನಿಂದ ಬಿಗಿದಿರಬೇಕು. ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ. ಬ್ಯೂಟೇನ್ ಸುಮಾರು 0 ಡಿಗ್ರಿಯ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಪ್ರೊಪೇನ್ −42 ಡಿಗ್ರಿಯವರೆಗೂ ಆವಿಯಾಗುತ್ತದೆ. ಚಳಿಯ ಬೆಳಗಿನಲ್ಲಿ ಸಿಲಿಂಡರ್ ತುಂಬಿದ್ದರೂ ಒಲೆ ಹೊತ್ತದಿದ್ದರೆ ಕಾರಣ ಇದೇ. ಅಡುಗೆಯ ಒಲೆಯನ್ನು ಚಳಿ ಕಾಯಿಸಲು ಎಂದೂ ಹಚ್ಚಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ತಲೆನೋವು, ವಾಕರಿಕೆ, ಮಂಪರು ಇಷ್ಟೇ ಅದರ ಮುನ್ಸೂಚನೆ, ನಿದ್ದೆಯಲ್ಲಿದ್ದವರಿಗೆ ಅದೂ ತಿಳಿಯುವುದಿಲ್ಲ. ಮಲಗಿದಾಗ ತಲೆ ಇರುವ ಎತ್ತರಕ್ಕೆ ಅದರ ಅಲಾರಂ, ನೆಲದ ಹತ್ತಿರ ಗ್ಯಾಸಿನ ಅಲಾರಂ. ಎರಡನ್ನೂ ಹಾಕಿಸದೆ ಮೊದಲ ರಾತ್ರಿ ಕಳೆಯಬೇಡಿ.

ಬೆಚ್ಚಗಿರಲು ಡೀಸೆಲ್ ಹೀಟರ್ ಒಳ್ಳೆಯದು. ಹೊಗೆ ಹೊರಗೆ ಹೋಗುವುದರಿಂದ ಒಳಗೆ ಒಣ ಶಾಖ ಮಾತ್ರ ಬರುತ್ತದೆ. 2 ಕಿಲೋವ್ಯಾಟಿನದು ಗಂಟೆಗೆ 0.1ರಿಂದ 0.25 ಲೀಟರ್ ಕುಡಿಯುತ್ತದೆ. ಇಡೀ ರಾತ್ರಿ ಸಣ್ಣ ಉರಿಯಲ್ಲೇ ಓಡಿಸಿದರೆ ಒಳಗೆ ಮಸಿ ಕಟ್ಟುತ್ತದೆ, ಒಂದು ದಿನ ಬಿಳಿ ಹೊಗೆ ಬಿಟ್ಟು ಹೊತ್ತುವುದನ್ನೇ ನಿಲ್ಲಿಸುತ್ತದೆ. ವಾರಕ್ಕೊಮ್ಮೆಯಾದರೂ 15–20 ನಿಮಿಷ ಪೂರ್ತಿ ಉರಿಯಲ್ಲಿ ಓಡಿಸಿ. ಎತ್ತರದ ಘಾಟಿಗಳಲ್ಲಿ ಗಾಳಿ ತೆಳು, ಡೀಸೆಲ್ ಮಾತ್ರ ಅಷ್ಟೇ, ಹಾಗಾಗಿ ಮಸಿ ಇನ್ನೂ ಬೇಗ ಕಟ್ಟುತ್ತದೆ. ನಿಲ್ಲಿಸುವಾಗ ಕರೆಂಟ್ ಕಿತ್ತುಬಿಡಬಾರದು; ಫ್ಯಾನ್ ತಾನಾಗಿ ನಿಲ್ಲುವವರೆಗೆ ಅದು ತಣಿಯಬೇಕು.

ನೀರು. ಸ್ನಾನ ಬಿಟ್ಟು, ಕುಡಿಯಲು, ಅಡುಗೆಗೆ, ಪಾತ್ರೆಗೆ, ಮುಖ ತೊಳೆಯಲು ಕೈ ಬಿಗಿ ಹಿಡಿದರೆ ಒಬ್ಬರಿಗೆ ದಿನಕ್ಕೆ 8–10 ಲೀಟರ್ ಸಾಕು. ಟ್ಯಾಂಕನ್ನು ವರ್ಷಕ್ಕೆರಡು ಸಲ ತೊಳೆಯಿರಿ. 100 ಲೀಟರಿಗೆ ಸುವಾಸನೆಯಿಲ್ಲದ ಶೇ. 5ರ ದ್ರವ ಬ್ಲೀಚ್ 100 ಮಿಲಿಲೀಟರ್ ಬೆರೆಸಿ, ಎಲ್ಲ ನಲ್ಲಿಗಳಲ್ಲೂ ವಾಸನೆ ಬರುವವರೆಗೆ ಬಿಟ್ಟು, ಕೆಲವು ಗಂಟೆ ನಿಲ್ಲಿಸಿ, ವಾಸನೆ ಹೋಗುವವರೆಗೆ ಶುದ್ಧ ನೀರಿನಲ್ಲಿ ಜಾಲಾಡಿ. ಯಾರೂ ನಲ್ಲಿ ಮುಟ್ಟದಿದ್ದರೂ ರಾತ್ರಿ ಪಂಪು ಆಗಾಗ ‘ಟರ್ರ್’ ಎಂದರೆ ಎಲ್ಲೋ ಒತ್ತಡ ಇಳಿಯುತ್ತಿದೆ. ಮೊದಲು ಜೋಡಣೆಗಳ ಕೆಳಗೆ ಒಣ ಕಾಗದ ಹಾಸಿ ಸೋರಿಕೆ ಹುಡುಕಿ. ಎಲ್ಲೂ ಒದ್ದೆಯಿಲ್ಲದಿದ್ದರೆ ಪಂಪಿನೊಳಗಿನ ವಾಲ್ವಿನಲ್ಲಿ ಕಸ ಸಿಕ್ಕಿರಬಹುದು. ವ್ಯಾನ್ ಬಿಟ್ಟು ಹೊರಡುವಾಗ ಪಂಪಿನ ಸ್ವಿಚ್ ಆಫ್ ಮಾಡಿಯೇ ಹೋಗಿ. ಪೈಪ್ ಕಳಚಿದರೆ ಟ್ಯಾಂಕಿನ ನೀರೆಲ್ಲ ನೆಲಹಾಸಿನ ಕೆಳಗೆ ಸೇರುತ್ತದೆ.

ಶೌಚದ ಕ್ಯಾಸೆಟ್, ಅಂದರೆ ಕಳಚಿ ಒಯ್ಯುವ ಟ್ಯಾಂಕು, ಸುಮಾರು 20 ಲೀಟರಿನದು, ಇಬ್ಬರಿಗೆ ಎರಡು ಮೂರು ದಿನ. ಖಾಲಿ ಮಾಡುವ ಜಾಗ ಎಲ್ಲಿದೆ ಎಂಬುದನ್ನು ಅದು ತುಂಬುವ ಮೊದಲೇ ಗೊತ್ತುಮಾಡಿಕೊಳ್ಳಿ. ಹಳ್ಳಕ್ಕೆ, ರಸ್ತೆಯ ಚರಂಡಿಗೆ ಸುರಿಯುವುದು ಅನ್ಯಾಯ, ಅದಕ್ಕೆ ಯಾವ ಸಬೂಬೂ ಇಲ್ಲ.

ತೂಕವನ್ನು ಅಂದಾಜಿನ ಮೇಲೆ ಬಿಡಬೇಡಿ. ಹಲವು ದೇಶಗಳಲ್ಲಿ ಸಾಮಾನ್ಯ ಕಾರಿನ ಲೈಸೆನ್ಸಿಗೆ 3500 ಕಿಲೋ ಮಿತಿ. ಮಂಚ, ಕಪಾಟು, ಬ್ಯಾಟರಿ ಸೇರಿದ ಮೇಲೆ ಉಳಿಯುವುದು ನೀವು ಅಂದುಕೊಂಡದ್ದಕ್ಕಿಂತ ಕಡಿಮೆ. ನೀರು, ಇಂಧನ, ಬಟ್ಟೆ, ಜನ ಎಲ್ಲವನ್ನೂ ತುಂಬಿ ವೇ ಬ್ರಿಡ್ಜಿಗೆ ಹೋಗಿ. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಬೇರೆ ಬೇರೆ ತೂಗಿಸಿ. ಒಟ್ಟು ತೂಕ ಮಿತಿಯೊಳಗಿದ್ದೂ ಹಿಂದಿನ ಆಕ್ಸಲ್ ಮೀರಿರಬಹುದು. ಎರಡು ಆಕ್ಸಲುಗಳ ನಡುವೆ 3.5 ಮೀಟರ್ ಇರುವ ವ್ಯಾನಿನಲ್ಲಿ, ಹಿಂದಿನ ಆಕ್ಸಲಿನಿಂದ 1 ಮೀಟರ್ ಆಚೆ 100 ಲೀಟರ್ ನೀರಿಟ್ಟರೆ ಹಿಂಗಾಲಿಗಳ ಮೇಲೆ ಬೀಳುವುದು 129 ಕಿಲೋ, ಮುಂಗಾಲಿಗಳ ಮೇಲಿಂದ 29 ಕಿಲೋ ಎದ್ದುಹೋಗುತ್ತದೆ. ತಕ್ಕಡಿಯ ಲೆಕ್ಕ ಅದು. ಮುಂಭಾಗ ಹಗುರಾದರೆ ಸ್ಟೀರಿಂಗ್ ತೇಲಿದಂತಾಗುತ್ತದೆ, ಮುಂಗಾಲಿ ಎಳೆಯುವ ವ್ಯಾನು ಒದ್ದೆ ಹುಲ್ಲಿನ ಏರಿನಲ್ಲಿ ಹತ್ತದೆ ಜಾರುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ವ್ಯಾನಿನ ಟೈರು ಸವೆಯುವ ಮೊದಲೇ ಹಳತಾಗುತ್ತದೆ. ಆರೇಳು ವರ್ಷ ದಾಟಿದ್ದನ್ನು ಹಲ್ಲು ಎಷ್ಟೇ ಚೆನ್ನಾಗಿದ್ದರೂ ನಾನು ನಂಬುವುದಿಲ್ಲ.

ರಾತ್ರಿ ತಂಗುವ ಜಾಗಕ್ಕೆ ಬೆಳಕಿರುವಾಗಲೇ ತಲುಪಿ. ಕಾಲಿಟ್ಟು ನೆಲ ಮೆತ್ತಗಿದೆಯೇ ನೋಡಿ, ವ್ಯಾನಿನ ಮುಖ ಹೊರಡುವ ದಾರಿಗಿರಲಿ. ವ್ಯಾನಿನೊಳಗಿನ ನೆಲದ ಮೇಲೆ ರಸಮಟ್ಟ ಇಟ್ಟು ತಗ್ಗಿದ ಗಾಲಿಯಡಿಗೆ ಕಟ್ಟೆ ಕೊಡಿ. 2 ಮೀಟರ್ ಅಗಲಕ್ಕೆ ಒಂದು ಡಿಗ್ರಿ ಓರೆಯೆಂದರೆ ಮೂರೂವರೆ ಸೆಂಟಿಮೀಟರ್ ಏರಿಳಿತ. ತಲೆಯನ್ನು ತಗ್ಗಿನ ಕಡೆಗಿಟ್ಟು ಮಲಗಿದವರಿಗೆ ಅಷ್ಟಕ್ಕೇ ನಿದ್ದೆ ಹಾರುತ್ತದೆ.

ಹೊರಡುವಾಗ ಎಂಜಿನ್ ಚಾಲೂ ಮಾಡುವ ಮುಂಚೆ ಒಂದು ಸುತ್ತು. ದಿನಾ ಅದೇ ಬಾಗಿಲಿನಿಂದ ಶುರು, ಅದೇ ದಿಕ್ಕು, ಒಬ್ಬರೇ ಮಾಡಬೇಕು. ‘ನೀವು ನೋಡಿದ್ದೀರಿ ಅಂದುಕೊಂಡೆ’ ಎಂಬುದರಲ್ಲೇ ಚಾವಣಿಯ ಮುಚ್ಚಳ ಹಾರಿಹೋಗುವುದು. ಒಳಗೆ ಗ್ಯಾಸ್ ಬಂದ್, ಪಂಪು ಬಂದ್, ಚಾವಣಿಯ ಕಿಟಕಿ ಮುಚ್ಚಿದೆ, ಫ್ರಿಜ್ಜಿನ ಚಿಲಕ, ಡ್ರಾಯರುಗಳ ಚಿಲಕ, ಒಲೆಯ ಮೇಲೆ ಏನೂ ಇಲ್ಲ. ಹೊರಗೆ ಮೆಟ್ಟಿಲು, ಕರೆಂಟಿನ ಕೇಬಲ್, ನೀರಿನ ಮುಚ್ಚಳ, ಗಾಲಿಯಡಿಯ ಕಟ್ಟೆ, ನಾಲ್ಕೂ ಟೈರು. ಫ್ಯಾನು, ಪ್ಯಾನೆಲ್ ಸೇರಿಸಿ ಅಳೆದ ಎತ್ತರವನ್ನು ಸೆಂಟಿಮೀಟರಿನಲ್ಲಿ ಬರೆದು ಡ್ರೈವರ್ ಕಣ್ಣೆದುರೇ ಅಂಟಿಸಿ. ತಗ್ಗಿನ ಸೇತುವೆಯ ಬೋರ್ಡು ಕಂಡಾಗ ನೆನಪಿಸಿಕೊಳ್ಳುವಷ್ಟು ಪುರುಸೊತ್ತು ಇರುವುದಿಲ್ಲ.