ತಲೆಯ ಹಿಂದಿನ ಆಸರೆ

ಕೇಳುಗರಿಗೆ ನಮಸ್ಕಾರ.

ನಿಂತಿರುವ ಕಾರುಗಳ ಒಳಗೆ ಒಮ್ಮೆ ಕಣ್ಣಾಡಿಸಿದರೆ, ಚಾಲಕನ ಸೀಟಿನ ಹೆಡ್‌ರೆಸ್ಟ್ ಎಷ್ಟೋ ಕಡೆ ಪೂರ್ತಿ ಕೆಳಗಿಳಿದು, ಸೀಟಿನ ಭುಜಕ್ಕೆ ಅಂಟಿಕೊಂಡಿರುವುದು ಕಾಣುತ್ತದೆ. ಕೊಂಡ ದಿನದಿಂದ ಅದನ್ನು ಯಾರೂ ಮುಟ್ಟಿರುವುದಿಲ್ಲ. ಹೆಸರಿನಲ್ಲೇ ‘ರೆಸ್ಟ್’ ಇರುವುದರಿಂದ ನಾವು ಅದನ್ನು ದಿಂಬಿನ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದೇವೆ. ಆದರೆ ಅದಿರುವುದು ತಲೆಗೆ ಸುಖ ಕೊಡಲೆಂದಲ್ಲ, ಹಿಂದಕ್ಕೆ ಎಸೆಯಲ್ಪಡುವ ತಲೆಯನ್ನು ತಡೆಯಲೆಂದು. ಅಮೆರಿಕದಲ್ಲಿ 1969ರ ಜನವರಿಯಿಂದಲೇ ಹೊಸ ಕಾರುಗಳ ಮುಂದಿನ ಸೀಟುಗಳಿಗೆ ಅದನ್ನು ಕಡ್ಡಾಯ ಮಾಡಿದ್ದು ಈ ಕಾರಣಕ್ಕೇ.

ಹಿಂದಿನಿಂದ ಇನ್ನೊಂದು ವಾಹನ ಗುದ್ದಿದಾಗ ಸೀಟು ನಮ್ಮ ಬೆನ್ನನ್ನು ಮುಂದಕ್ಕೆ ತಳ್ಳುತ್ತದೆ. ಸುಮಾರು ನಾಲ್ಕೈದು ಕಿಲೋ ತೂಗುವ ತಲೆ ಮಾತ್ರ ಇದ್ದಲ್ಲೇ ಉಳಿಯಲು ನೋಡುತ್ತದೆ. ಇವೆರಡರ ನಡುವೆ ಸಿಕ್ಕಿಕೊಳ್ಳುವುದು ಕತ್ತು. ವೈದ್ಯರು ವಿಪ್‌ಲ್ಯಾಶ್ ಎಂದು ಕರೆಯುವ ಈ ಪೆಟ್ಟು ನಿಧಾನವಾಗಿ ಚಲಿಸುವ ವಾಹನ ತಗುಲಿದರೂ ಆಗಬಹುದು, ನೋವು ಮರುದಿನ ಕಾಣಿಸಿಕೊಳ್ಳಬಹುದು. ಹೆಡ್‌ರೆಸ್ಟ್ ಕತ್ತಿನ ಮಟ್ಟದಲ್ಲಿದ್ದರೆ ತಲೆ ಅದರ ಅಂಚಿನ ಮೇಲೆ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಹಾಗಾಗಿ ಅದರ ಮೇಲಂಚು ನೆತ್ತಿಯ ಮಟ್ಟಕ್ಕೆ ಬರಬೇಕು, ತಲೆಗೂ ಅದಕ್ಕೂ ನಡುವೆ ಎರಡು ಮೂರು ಬೆರಳಿನಷ್ಟೇ ಅಂತರವಿರಬೇಕು. ಬದಿಯ ಗುಂಡಿಯನ್ನು ಒತ್ತಿ ಮೇಲಕ್ಕೆಳೆದ ಮೇಲೆ ‘ಟಕ್’ ಎಂದು ಕಚ್ಚಿಕೊಂಡಿತೇ ಎಂಬುದನ್ನು ಕೆಳಕ್ಕೆ ಅದುಮಿ ನೋಡಿಕೊಳ್ಳಿ.

ಇಲ್ಲೊಂದು ತೊಡಕಿದೆ. ಬೆನ್ನೊರಗನ್ನು ಆರಾಮಕುರ್ಚಿಯಂತೆ ಹಿಂದಕ್ಕೆ ಬಾಗಿಸಿಕೊಂಡವರು ರಸ್ತೆ ನೋಡಲು ತಲೆಯನ್ನು ಮುಂದಕ್ಕೆ ಚಾಚಲೇಬೇಕಾಗುವುದರಿಂದ, ಹೆಡ್‌ರೆಸ್ಟ್ ಎಷ್ಟೇ ಎತ್ತರದಲ್ಲಿದ್ದರೂ ದೂರವೇ ಉಳಿಯುತ್ತದೆ. ಆದ್ದರಿಂದ ಹೊಂದಾಣಿಕೆ ಕಾಲಿನಿಂದ ಆರಂಭವಾಗಬೇಕು, ಅದೂ ಕಾರು ನಿಂತಿರುವಾಗ. ಹಿಂಜೇಬಿನ ಪರ್ಸನ್ನು ತೆಗೆದಿಟ್ಟು, ಸೊಂಟ ಬೆನ್ನೊರಗಿನ ಬುಡಕ್ಕೆ ತಾಗುವಂತೆ ಕುಳಿತು, ಕ್ಲಚ್ಚನ್ನೋ ಬ್ರೇಕನ್ನೋ ತಳದವರೆಗೆ ಒತ್ತಿದಾಗಲೂ ಮಂಡಿ ತುಸು ಮಡಿಚಿರುವಷ್ಟು ದೂರಕ್ಕೆ ಸೀಟನ್ನು ಸರಿಸಿ. ಎತ್ತರ ಬದಲಿಸುವ ಸೌಲಭ್ಯವಿದ್ದರೆ, ನೆತ್ತಿಗೂ ಛಾವಣಿಗೂ ನಡುವೆ ಒಂದು ಮುಷ್ಟಿ ಜಾಗವಾದರೂ ಉಳಿಯಲಿ. ಬಳಿಕ ಭುಜಗಳು ಸೀಟಿಗೆ ಒರಗಿರುವಂತೆಯೇ ಕೈಚಾಚಿ ನೋಡಿ: ಮಣಿಕಟ್ಟು ಸ್ಟಿಯರಿಂಗ್ ಚಕ್ರದ ಮೇಲ್ತುದಿಗೆ ತಲುಪಿದರೆ ಬೆನ್ನೊರಗಿನ ಓರೆ ಸರಿಯಾಗಿದೆ. ಏರ್‌ಬ್ಯಾಗ್ ಉಬ್ಬುವ ರಭಸ ದೊಡ್ಡದಾದ್ದರಿಂದ ಎದೆಗೂ ಚಕ್ರದ ನಡುಭಾಗಕ್ಕೂ ಕನಿಷ್ಠ 25 ಸೆಂಟಿಮೀಟರ್ ಅಂತರ ಬೇಕು. ಕುಳ್ಳಗಿರುವವರಿಗೆ ಇದು ಕಷ್ಟವಾದಾಗ ಬೆನ್ನೊರಗನ್ನು ತುಸುವೇ ಹಿಂದಕ್ಕೆ ಬಾಗಿಸುವುದು ಒಂದು ದಾರಿ.

ಸೀಟ್ ಬೆಲ್ಟಿನ ಕೆಳಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಹಾಯಬೇಕು. ತೀರಾ ಒರಗಿ ಕುಳಿತವರು ಡಿಕ್ಕಿಯ ಹೊತ್ತಿಗೆ ಈ ಪಟ್ಟಿಯಡಿಯಲ್ಲೇ ಜಾರಿಬಿಡುತ್ತಾರೆ.

ಇಷ್ಟಾದ ಮೇಲೆ ಹೆಡ್‌ರೆಸ್ಟ್, ಕೊನೆಗೆ ಕನ್ನಡಿಗಳು. ಒಳಗನ್ನಡಿಯಲ್ಲಿ ಹಿಂದಿನ ಗಾಜು ಪೂರ್ತಿ ಕಾಣುವಂತೆ ಹೊಂದಿಸಿಕೊಂಡಿರುತ್ತೀರಿ. ಒಂದೆರಡು ಗಂಟೆ ಓಡಿಸಿದ ಬಳಿಕ ಅದರ ಒಂದಂಚು ಮರೆಯಾದಂತೆ ಅನ್ನಿಸಿದರೆ ತಕ್ಷಣ ಕನ್ನಡಿಗೆ ಕೈ ಹಾಕಬೇಡಿ. ಜಾರಿರುವುದು ಬಹುಶಃ ನಿಮ್ಮ ಬೆನ್ನು. ಸುರಕ್ಷಿತವಾದ ಕಡೆ ಕಾರು ನಿಲ್ಲಿಸಿ, ಇಳಿದು ನಾಲ್ಕು ಹೆಜ್ಜೆ ನಡೆದು, ಮತ್ತೆ ಸೊಂಟ ಹಿಂದಕ್ಕೊತ್ತಿ ಕುಳಿತುಕೊಳ್ಳಿ.

ನಮಸ್ಕಾರ.