ಹೊಸ ಕಾರಿನ ಮೈಮೇಲೆ ಹಳೆಯ ಗೀರು

ಕೇಳುಗರೇ, ನಮಸ್ಕಾರ.

ದಸರೆ, ಬಲಿಪಾಡ್ಯ ಬಂತೆಂದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಶೋರೂಮುಗಳಲ್ಲಿ ಒಂದರ ಹಿಂದೊಂದು ಗಾಡಿ ಡೆಲಿವರಿ ಆಗುತ್ತವೆ. ಮುಹೂರ್ತ ಮೀರಬಾರದೆಂದು ಮನೆಮಂದಿಗೆಲ್ಲ ಅವಸರ. ಹಾರ ಹಾಕಿ, ಕಾಯಿ ಒಡೆದು, ಗಾಲಿಗೆ ನಿಂಬೆಹಣ್ಣು ಇಟ್ಟು ಹೊರಡುತ್ತಾರೆ. ಅಷ್ಟರಲ್ಲಿ ‘ವಾಹನವನ್ನು ಸುಸ್ಥಿತಿಯಲ್ಲಿ ಪಡೆದಿದ್ದೇನೆ’ ಎಂಬ ಕಾಗದಕ್ಕೆ ಸಹಿಯೂ ಬಿದ್ದಿರುತ್ತದೆ. ಮರುದಿನ ಬೆಳಗಿನ ಬಿಸಿಲಲ್ಲಿ ಒರೆಸಲು ಹೋದಾಗ ಹಿಂದಿನ ಬಾಗಿಲ ಮೇಲೆ ಗೀರು, ಬಾನೆಟ್ ಅಂಚಿನಲ್ಲಿ ಸಣ್ಣ ತಗ್ಗು ಕಣ್ಣಿಗೆ ಬೀಳುತ್ತದೆ. ಫೋನ್ ಮಾಡಿದರೆ ಆ ಕಡೆಯಿಂದ, ‘ಸರ, ಗಾಡಿ ತಂದು ಬಿಡ್ರಿ, ಪೇಂಟ್ ಹೊಡದು ಕೊಡತೇವ್ರಿ’ ಅನ್ನುತ್ತಾರೆ. ಈ ಮಾತಿಗೆ ತಟ್ಟನೆ ಒಪ್ಪಬೇಡಿ. ಯಾಕೆಂದು ಹೇಳುತ್ತೇನೆ.

ಕಾರ್ಖಾನೆಯ ಬಣ್ಣ ಒಂದೇ ಪದರವಲ್ಲ. ಕಬ್ಬಿಣದ ತಗಡಿನ ಮೇಲೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್. ಇವೆಲ್ಲ ಸೇರಿ ಸಾಮಾನ್ಯವಾಗಿ 90ರಿಂದ 150 ಮೈಕ್ರಾನ್. ಒಂದು ಮಿಲಿಮೀಟರಿಗೆ 1000 ಮೈಕ್ರಾನ್ ಎಂದರೆ ಈ ಬಣ್ಣ ಎಷ್ಟು ತೆಳುವು ಎಂದು ನೀವೇ ಲೆಕ್ಕ ಹಾಕಿ. ಅದರಲ್ಲಿ ಕ್ಲಿಯರ್ ಕೋಟ್ ಪಾಲು ಸುಮಾರು 35ರಿಂದ 50. ಕಾರ್ಖಾನೆಯಲ್ಲಿ ಬರಿಯ ಬಾಡಿ ಮಾತ್ರ ಇರುವುದರಿಂದ ಮೇಲಿನ ಪದರಗಳನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸುತ್ತಾರೆ. ವರ್ಕ್‌ಶಾಪಿನಲ್ಲಿ ಅದು ಸಾಧ್ಯವಿಲ್ಲ. ಅಲ್ಲಿ ಗಾಡಿಯಲ್ಲಿ ರಬ್ಬರ್, ಪ್ಲಾಸ್ಟಿಕ್, ವೈರಿಂಗ್ ಎಲ್ಲ ಕೂತಿರುತ್ತದೆ. ಬೂತಿನಲ್ಲಿ 60ರಿಂದ 80 ಡಿಗ್ರಿಗೆ ಒಣಗುವ ಬೇರೆಯೇ ಜಾತಿಯ ಬಣ್ಣ ಬಳಸುತ್ತಾರೆ. ಕೈ ಪಳಗಿದ ಪೇಂಟರ್ ಚೆನ್ನಾಗಿಯೇ ಮಾಡಿಕೊಡುತ್ತಾನೆ. ಆದರೆ ಕಾರ್ಖಾನೆಯ ಪದರ ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ. ಮುಂದೆ ಮಾರುವಾಗ ಕೊಳ್ಳುವವರು ಬಣ್ಣದ ದಪ್ಪ ಅಳೆಯುವ ಗೇಜ್ ಹಿಡಿದರೆ ‘ಈ ಬಾಗಿಲು ಪೇಂಟ್ ಆಗೇತಿ’ ಎಂದು ಬೆಲೆ ಇಳಿಸುತ್ತಾರೆ. ಉಳಿಸಲು ಸಾಧ್ಯವಿರುವ ಮೂಲ ಬಣ್ಣವನ್ನು ಉಳಿಸಿಕೊಳ್ಳುವುದೇ ಮೊದಲ ಕೆಲಸ.

ಗೀರು ಎಷ್ಟು ಆಳ ಎಂದು ಮನೆಯಲ್ಲೇ ತಿಳಿಯಬಹುದು. ಜಾಗ ತೊಳೆದು, ಗೀರಿನ ಮೇಲೆ ಒಂದೆರಡು ಹನಿ ನೀರು ಹಾಕಿ. ನೀರಿದ್ದಾಗ ಗೀರು ಮಾಯವಾಗಿ, ಒಣಗಿದ ಮೇಲೆ ಮತ್ತೆ ಕಂಡರೆ ಅದು ಕ್ಲಿಯರ್ ಕೋಟಿನಲ್ಲೇ ಇದೆ. ಆಮೇಲೆ ಉಗುರನ್ನು ಅಡ್ಡಲಾಗಿ ಮೆಲ್ಲಗೆ ಆಡಿಸಿ. ಉಗುರು ಸಿಕ್ಕಿಕೊಳ್ಳದಿದ್ದರೆ ಪಾಲಿಶ್ ಸಾಕು, ಪೇಂಟ್ ಬೇಡ. ಸಿಕ್ಕಿಕೊಂಡರೆ ಆಳವಿದೆ. ಒಳಗೆ ಬೂದು ಅಥವಾ ಬಿಳಿ ಗೆರೆ ಕಂಡರೆ ಪ್ರೈಮರ್ ತನಕ ಹೋಗಿದೆ, ಹೊಳೆಯುವ ಲೋಹ ಕಂಡರೆ ಮಳೆಗಾಲಕ್ಕೆ ಮುಂಚೆ ಮುಚ್ಚಲೇಬೇಕು. ಖಾನಾಪುರ, ಬೆಳಗಾವಿ ಕಡೆಯ ಮಳೆಯಲ್ಲಿ ಬರಿಯ ತಗಡು ತುಕ್ಕು ಹಿಡಿಯಲು ಬಹಳ ದಿನ ಬೇಕಿಲ್ಲ. ಪಾಲಿಶ್ ಎಂದರೆ ಕ್ಲಿಯರ್ ಕೋಟನ್ನು ಕೆಲವು ಮೈಕ್ರಾನ್ ಸವೆಸುವುದು ಎಂಬುದು ನೆನಪಿರಲಿ. ಒಂದೇ ಜಾಗವನ್ನು ಮೇಲಿಂದ ಮೇಲೆ ಬಫಿಂಗ್, ಅಂದರೆ ಯಂತ್ರದಿಂದ ಪಾಲಿಶ್, ಮಾಡಿಸಬಾರದು. ಬಾಗಿಲ ಅಂಚು, ಬಾನೆಟ್ ಮಡಿಕೆಗಳ ಮೇಲೆ ಪದರ ತೆಳುವಾಗಿರುವುದರಿಂದ ಯಂತ್ರ ಹಿಡಿದರೆ ಅಲ್ಲೇ ಮೊದಲು ಬಣ್ಣ ಸವೆದು ಹೋಗುತ್ತದೆ. ತಗ್ಗು ಬಿದ್ದು ಬಣ್ಣ ಒಡೆಯದಿದ್ದರೆ, ಒಳಗಿನಿಂದ ಸಲಾಕೆಯಲ್ಲಿ ಒತ್ತಿ ಸಮ ಮಾಡುವ ಪಿಡಿಆರ್ ಎಂಬ ವಿಧಾನವಿದೆ. ಪುಟ್ಟಿ ಬೇಡ, ಪೇಂಟ್ ಬೇಡ. ಪ್ಯಾನೆಲ್ಲಿನ ತುದಿಯಲ್ಲಿ, ಎರಡು ತಗಡು ಮಡಚಿ ಸೇರಿದ ಕಡೆ ಮಾತ್ರ ಇದು ಕಷ್ಟ.

ಎಲ್ಲ ಕಲೆಯೂ ಯಾರದೋ ತಪ್ಪಲ್ಲ. ಸ್ಟಾಕ್ ಯಾರ್ಡುಗಳು ಬಯಲಲ್ಲಿರುತ್ತವೆ. ಬೆಳಗಾವಿಯ ಉದ್ಯಮಬಾಗ, ಮಚ್ಛೆ ಕಡೆ ಫೌಂಡ್ರಿಗಳಿವೆ. ಕಬ್ಬಿಣದ ಸಣ್ಣ ಪುಡಿ ಬಣ್ಣಕ್ಕೆ ಅಂಟಿ ಕಿತ್ತಳೆ ಬಣ್ಣದ ಚುಕ್ಕೆಗಳಾದರೆ ಕ್ಲೇ ಬಾರ್ ಎಂಬ ಜೇಡಿಯಂಥ ಮೆತ್ತನೆಯ ಉಂಡೆ ಉಜ್ಜಿ ತೆಗೆಯಬಹುದು. ಬಾಗಲಕೋಟೆ ಜಿಲ್ಲೆಯಲ್ಲಿ ಸಿಮೆಂಟ್ ಕಾರ್ಖಾನೆಗಳಿವೆ. ಆ ಧೂಳು ಇಬ್ಬನಿಗೆ ನೆನೆದು ಗಟ್ಟಿಯಾದರೆ ಕ್ಷಾರ ಕ್ಲಿಯರ್ ಕೋಟನ್ನು ತಿನ್ನುತ್ತದೆ. ಹಕ್ಕಿ ಹಿಕ್ಕೆ ವಿಜಯಪುರದ ಬೇಸಿಗೆಯಲ್ಲಿ ಕೂತಲ್ಲೇ ಒಣಗಿದರೆ ಅಚ್ಚೊತ್ತಿದ ಗುರುತು ಬಿಡುತ್ತದೆ. ಇನ್ನು ಡೆಲಿವರಿಗೆ ಮುಂಚೆ ಅವಸರದಲ್ಲಿ, ಎರೆಮಣ್ಣಿನ ಧೂಳು ಕೂತ ಗಾಡಿಯನ್ನು ಒಣಬಟ್ಟೆಯಿಂದ ಒರೆಸುವುದು ಮರಳುಕಾಗದ ಆಡಿಸಿದಂತೆಯೇ. ಬಿಸಿಲಿಗೆ ಜೇಡರ ಬಲೆಯಂತೆ ಕಾಣುವ ಗೆರೆಗಳು ಬಹುತೇಕ ಹೀಗೆ ಆದವು. ಟ್ರೇಲರ್‌ನಿಂದ ಇಳಿಸುವಾಗ ಚಾಲಕ ಇಕ್ಕಟ್ಟಿನಲ್ಲಿ ಬಾಗಿಲು ತೆರೆದು ಅಂಚು ತಾಗಿಸುವುದು, ಬಂಪರಿನ ಕೆಳತುಟಿ ಉಜ್ಜುವುದು ಕೂಡ ಸಾಮಾನ್ಯ. ಅದನ್ನು ತೋರಿಸಿ ಹೇಳಿದ ಡೀಲರ್ ಮೇಲೆ ಸಿಟ್ಟಾಗುವ ಕಾರಣವಿಲ್ಲ. ಮುಚ್ಚಿ ಮಾರುವುದೇ ಅನ್ಯಾಯ.

ಮುಚ್ಚಿದ್ದಾರೋ ಇಲ್ಲವೋ ಪತ್ತೆ ಹಚ್ಚಲು ಪೇಂಟ್ ಗೇಜ್ ಒಳ್ಳೆಯ ಸಾಧನ. ಪ್ರತಿ ಪ್ಯಾನೆಲ್ಲಿನಲ್ಲಿ ನಾಲ್ಕೈದು ಕಡೆ ಹಿಡಿದು ಅಳೆಯಬೇಕು. ಎಲ್ಲ ಕಡೆ 110, 120 ತೋರಿಸಿ ಒಂದೇ ಬಾಗಿಲು 250 ತೋರಿಸಿದರೆ ಮತ್ತೆ ಪೇಂಟ್ ಆಗಿದೆ. 500 ದಾಟಿದರೆ ಕೆಳಗೆ ಪುಟ್ಟಿ ಇರುವ ಸಂಭವ ಹೆಚ್ಚು. ಪ್ಲಾಸ್ಟಿಕ್ ಬಂಪರ್ ಮೇಲೆ ಈ ಗೇಜ್ ಕೆಲಸ ಮಾಡುವುದಿಲ್ಲ. ಬಂಪರ್ ಬಣ್ಣ ಫೆಂಡರಿಗಿಂತ ಒಂದು ಛಾಯೆ ಬೇರೆ ಕಂಡ ಮಾತ್ರಕ್ಕೆ ಗಾಬರಿಯೂ ಬೇಡ, ಪ್ಲಾಸ್ಟಿಕ್ ಭಾಗಗಳಿಗೆ ಬೇರೆಯಾಗಿ, ಕಡಿಮೆ ಶಾಖದಲ್ಲಿ ಬಣ್ಣ ಹಾಕುವುದರಿಂದ ಕಾರ್ಖಾನೆಯಿಂದಲೇ ಹಾಗೆ ಬರುವುದುಂಟು. ಗೇಜ್ ಇಲ್ಲದಿದ್ದರೆ ಬಾಗಿಲ ರಬ್ಬರ್ ಬೀಡಿಂಗ್ ಮಡಚಿ ನೋಡಿ, ಬಣ್ಣದ ಸಿಂಪರಣೆ ಅಥವಾ ಟೇಪ್ ಅಂಟಿಸಿದ ಗೆರೆ ಇದೆಯೇ ಎಂದು. ಬಾನೆಟ್ ಹಿಂಜ್, ಫೆಂಡರ್ ಬೋಲ್ಟುಗಳ ತಲೆಯ ಮೇಲೆ ಸ್ಪ್ಯಾನರ್ ಹಾಕಿ ಬಣ್ಣ ಎದ್ದಿದೆಯೇ ನೋಡಿ. ಕಿಟಕಿ ಗಾಜುಗಳ ಮೇಲಿನ ಗುರುತು ಒಂದರಲ್ಲಿ ಮಾತ್ರ ಬೇರೆಯಿದ್ದರೆ ಕಾರಣ ಕೇಳಿ. ಬೆಳ್ಳಿ, ಪರ್ಲ್ ಬಿಳಿ ಬಣ್ಣಗಳನ್ನು ಓರೆಯಾಗಿ, ಎರಡು ಬದಿಯಿಂದಲೂ ನೋಡಬೇಕು.

ದೋಷ ಕಂಡ ದಿನವೇ ಫೋಟೋ ತೆಗೆಯಿರಿ. ಇಡೀ ಗಾಡಿ ಕಾಣುವಂಥದ್ದು, ಆ ಪ್ಯಾನೆಲ್ ಮಾತ್ರ ಕಾಣುವಂಥದ್ದು, ಗೀರಿನ ಪಕ್ಕ ನಾಣ್ಯ ಇಟ್ಟು ಹತ್ತಿರದ್ದು, ಓಡಿದ ಕಿಲೋಮೀಟರ್ ಕಾಣುವ ಮೀಟರಿನದ್ದು. ಅದೇ ದಿನ ಡೀಲರ್‌ಗೂ ಕಂಪನಿಯ ಗ್ರಾಹಕ ಸೇವೆಗೂ ಇಮೇಲ್ ಹೋಗಲಿ, ಬರಿಯ ಫೋನ್ ಮಾತು ಸಾಲದು. ಅದರಲ್ಲಿ ಚಾಸಿ ನಂಬರ್, ಡೆಲಿವರಿ ದಿನ, ದೋಷ ಎಲ್ಲಿದೆ ಎಂಬುದು ಸ್ಪಷ್ಟವಾಗಿರಲಿ. ಡೆಲಿವರಿ ಪೂರ್ವ ತಪಾಸಣೆಯ ಪಟ್ಟಿಯ ಪ್ರತಿಯನ್ನೂ, ಬಣ್ಣದ ಕೆಲಸವೇನಾದರೂ ಆಗಿದೆಯೇ ಎಂಬ ಪ್ರಶ್ನೆಗೆ ಬರಹದ ಉತ್ತರವನ್ನೂ ಕೇಳಿ. ಗಾಡಿಯನ್ನು ವರ್ಕ್‌ಶಾಪಿಗೆ ಬಿಡುವುದಾದರೆ, ಮಾಡಬೇಕಾದ ಕೆಲಸ ಬರೆದ ಜಾಬ್ ಕಾರ್ಡ್ ಇಲ್ಲದೆ ಬಿಡಬೇಡಿ. ‘ಬಲ ಹಿಂಬಾಗಿಲು, ಪಾಲಿಶ್ ಮಾತ್ರ, ಗ್ರಾಹಕರಿಗೆ ಖರ್ಚಿಲ್ಲ’ ಎಂದು ಅದರಲ್ಲೇ ಬರೆಸಿ.

‘ಇನ್ಶೂರೆನ್ಸ್‌ನ್ಯಾಗ ಹಾಕೋಣ್ರಿ’ ಎಂದು ಯಾರಾದರೂ ಹೇಳಿದರೆ ಒಪ್ಪಲೇಬೇಡಿ. ನಿಮ್ಮ ಕೈಗೆ ಬರುವ ಮೊದಲೇ ಆದ ಹಾನಿಯನ್ನು ನಿಮ್ಮ ಅಪಘಾತವೆಂದು ಬರೆದುಕೊಟ್ಟರೆ ಅದು ಸುಳ್ಳು ಕ್ಲೇಮು. ಮೇಲಾಗಿ ಕ್ಲೇಮು ಮಾಡದ ಮೊದಲ ವರ್ಷಕ್ಕೆ ಸಿಗಬೇಕಾದ ಶೇಕಡಾ 20ರ ನೋ ಕ್ಲೇಮ್ ಬೋನಸ್ ಎಂಬ ರಿಯಾಯಿತಿ ಹೋಗುತ್ತದೆ, ಪ್ರತಿ ಕ್ಲೇಮಿನಲ್ಲೂ ಮಾಲೀಕರೇ ಭರಿಸಬೇಕಾದ ಕಡ್ಡಾಯ ಪಾಲು, 1500 ಸಿಸಿವರೆಗಿನ ಗಾಡಿಗೆ 1000 ರೂಪಾಯಿ, ನಿಮ್ಮ ಜೇಬಿನಿಂದಲೇ ಹೋಗುತ್ತದೆ. ಟೆಫ್ಲಾನ್, ಸೆರಾಮಿಕ್ ಕೋಟಿಂಗ್ ಉಚಿತವಾಗಿ ಕೊಡುತ್ತೇವೆಂದರೂ ದೋಷ ದಾಖಲಾಗುವವರೆಗೆ ಬೇಡವೆನ್ನಿ. ಕೆಲವು ಪಾಲಿಶುಗಳಲ್ಲಿರುವ ತುಂಬುವ ವಸ್ತು ಗೀರನ್ನು ಅಡಗಿಸಿ, ಹಲವು ತೊಳೆತದ ನಂತರ ಮತ್ತೆ ತೋರಿಸುತ್ತದೆ. ಪೇಂಟ್ ಮಾಡಿಸಲೇಬೇಕಾಗಿ ಬಂದರೆ, ಹೊಸ ಬಣ್ಣದ ಮೇಲೆ ಸುಮಾರು ಒಂದು ತಿಂಗಳು ವ್ಯಾಕ್ಸ್, ಕೋಟಿಂಗ್ ಹಚ್ಚಬಾರದು. ಒಳಗಿನ ದ್ರಾವಕ ಹಾರಿಹೋಗಲು ಅಷ್ಟು ಕಾಲ ಬೇಕು.

ಡೀಲರ್ ಜಪ್ಪಯ್ಯ ಅನ್ನದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ದುರಸ್ತಿ ಮಾಡಿದ ಸರಕನ್ನು ಹೊಸದೆಂದು ಮಾರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಕೊಟ್ಟ ಬೆಲೆ 50 ಲಕ್ಷದವರೆಗಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಸಾಕು. ಕಾರು ಹುಬ್ಬಳ್ಳಿಯಲ್ಲಿ ಕೊಂಡಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ, ಎರಡು ವರ್ಷದೊಳಗೆ ದೂರು ಹಾಕಬಹುದು. ಬೆಲೆ 5ರಿಂದ 10 ಲಕ್ಷದೊಳಗಿದ್ದರೆ ಶುಲ್ಕ 200 ರೂಪಾಯಿ, 20 ಲಕ್ಷದವರೆಗೆ 400. ಪಕ್ಕದ ಗೋವಾದ ಒಂದು ಪ್ರಕರಣ 2021ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. 2011ರಲ್ಲಿ ಹೊಸ ಕಾರಿಗೆ ಹಣ ಕೊಟ್ಟವರ ಕೈಗೆ 2009ರಲ್ಲಿ ತಯಾರಾದ, 622 ಕಿಲೋಮೀಟರ್ ಓಡಿದ, ತಳ ತುಕ್ಕು ಹಿಡಿದು ಬಾಗಿಲ ಮೇಲೆ ಗೀರುಗಳಿದ್ದ ಕಾರು ಬಂದಿತ್ತು. ಕಂಪನಿಗೆ ಇದು ಗೊತ್ತಿತ್ತೆಂದು ಸಾಬೀತಾಗದೆ, ಡೀಲರ್ ಮಾಡಿದ್ದಕ್ಕೆ ಕಂಪನಿಯನ್ನು ಹೊಣೆ ಮಾಡಲಾಗದು ಎಂದು ಕೋರ್ಟು ಹೇಳಿತು. ಹಾಗಾಗಿ ದೂರಿನಲ್ಲಿ ಡೀಲರ್‌ನನ್ನೇ ಮುಖ್ಯ ಎದುರುದಾರನಾಗಿ ಮಾಡಿ.

ಇಷ್ಟು ದೂರ ಹೋಗದಿರಬೇಕಾದರೆ ಗಾಡಿಯನ್ನು ನೋಂದಣಿಗೆ ಮುಂಚೆಯೇ ನೋಡಬೇಕು. ಈಗ ನಂಬರ್ ಪ್ಲೇಟ್ ಕೂತ ಮೇಲೆಯೇ ಡೆಲಿವರಿ ಆಗುವುದರಿಂದ ಆ ದಿನದ ಪರೀಕ್ಷೆ ತಡವಾದ ಪರೀಕ್ಷೆ. ಕೆಎ-22, ಕೆಎ-28, ಕೆಎ-29 ಯಾವುದೇ ಇರಲಿ, ನಿಮ್ಮ ಹೆಸರಿಗೆ ಒಮ್ಮೆ ದಾಖಲಾದರೆ ವಾಪಸ್ ಪಡೆದ ಗಾಡಿ ಡೀಲರ್‌ಗೆ ಸೆಕೆಂಡ್ ಹ್ಯಾಂಡ್, ಬದಲಿ ಕೊಡಲು ಅವರು ಹಿಂದೆಗೆಯುತ್ತಾರೆ. ಪೂರ್ತಿ ಹಣ ಕಟ್ಟುವ ಮೊದಲು ಚಾಸಿ ನಂಬರ್ ಕೇಳಿ, ಬೆಳಿಗ್ಗೆ ಎಂಟು ಒಂಬತ್ತರ ಬಿಸಿಲಿಗೆ ಯಾರ್ಡಿಗೆ ಹೋಗಿ, ಗಾಡಿ ತೊಳೆಸಿ, ಒಣಗಿದ ಮೇಲೆ ಅದರ ಸುತ್ತ ಒಂದು ತಾಸು ನಡೆದಾಡಿ ನೋಡಿ. ಸರಿಯಿದ್ದರೆ ಚಾಸಿ ನಂಬರಿನ ಫೋಟೋ ಇಟ್ಟುಕೊಂಡು, ಡೀಲರ್ ಕೊಡುವ ಮಾರಾಟ ಪ್ರಮಾಣಪತ್ರವಾದ ಫಾರಂ 21ರಲ್ಲಿ ಅದೇ ನಂಬರೂ ತಯಾರಾದ ತಿಂಗಳೂ ಬಂದಿವೆಯೇ ಎಂದು ತಾಳೆ ನೋಡಿ, ಆಮೇಲೆ ಬ್ಯಾಂಕಿಗೆ ಹೋಗಿ ಡಿಡಿ ತೆಗೆಸಿ. ನಮಸ್ಕಾರ.