ಓಣಿ ಸಂಘಕ್ಕೆ ಅನುದಾನ: ಅರ್ಜಿಗಿಂತ ಮೊದಲಿನ ಮಾತು

ಕೇಳುಗರಿಗೆ ನಮಸ್ಕಾರ.

ಕೊಪ್ಪಳದ ನಮ್ಮ ಓಣಿಯಲ್ಲಿ ಒಂದು ಸಂಘ ಇದೆ. ದೊಡ್ಡದೇನಲ್ಲ. ಸಂಜೆ 6ಕ್ಕೆ ಗುಡಿ ಪಕ್ಕದ ಖೋಲಿ ಬಾಗಿಲು ತೆಗೆಯುತ್ತೇವೆ, ಮೂವತ್ತು ನಲವತ್ತು ಮಕ್ಕಳು ಬಂದು ಓದುತ್ತಾರೆ, ಬರೆಯುತ್ತಾರೆ, ಜಗಳವೂ ಆಡುತ್ತಾರೆ. ಅವರ ತಾಯಂದಿರಲ್ಲಿ ಹಲವರು ಭಾಗ್ಯನಗರಕ್ಕೆ ಕೂದಲು ಬಿಡಿಸುವ ಕೆಲಸಕ್ಕೆ ಹೋಗುವವರು. ಅವರು ಮನೆ ಮುಟ್ಟಿ ರೊಟ್ಟಿ ಬಡಿಯುವ ತನಕ ಮಕ್ಕಳಿಗೆ ಒಂದು ನೆಲೆ, ಅಷ್ಟೇ ನಮ್ಮ ಕೆಲಸ. ನೋಡಿಕೊಳ್ಳಲು ಓಣಿಯ ಒಬ್ಬ ಅಕ್ಕ ಇದ್ದಾರೆ, ಡಿಗ್ರಿ ಮುಗಿಸಿದವರು. ಅವರಿಗೆ ನಾವು ಕೊಡುವುದನ್ನು ಸಂಬಳ ಅನ್ನಲು ನನಗೇ ನಾಚಿಕೆ.

ಇಂಥ ಸಂಘಗಳು ಗಂಗಾವತಿಯಲ್ಲಿವೆ, ಸಿಂಧನೂರಿನಲ್ಲಿವೆ, ಸಂಡೂರಿನಲ್ಲಿವೆ. ನಾಲ್ಕು ಜನ ಕೂಡಿದರೆ ಒಂದೇ ಪ್ರಶ್ನೆ: ಅನುದಾನ ಎಲ್ಲಿ ಸಿಗ್ತದ್ರಿ? ನಾನೂ ಇದನ್ನೇ ಕೇಳುತ್ತಾ ತಿರುಗಿದವನು. ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇತ್ತು, ನಮ್ಮ ಕಾಗದ, ಲೆಕ್ಕ ಸರಿ ಇವೆಯಾ ಅನ್ನೋದು, ಅಂತ ಗೊತ್ತಾಗಿದ್ದು ಕೈ ಸುಟ್ಟುಕೊಂಡ ಮೇಲೆ.

ಏನಾಯಿತು ಅಂದರೆ, ಒಂದು ಕಂಪನಿಯವರು ಸಿಎಸ್‌ಆರ್, ಅಂದರೆ ಸಮಾಜದ ಕೆಲಸಕ್ಕೆ ಅಂತ ಕಂಪನಿ ಎತ್ತಿಡುವ ದುಡ್ಡಿನಲ್ಲಿ ಇಂಥ ಕೇಂದ್ರಗಳಿಗೆ ನೆರವು ಕೊಡುತ್ತಾರೆ ಅಂತ ಸುದ್ದಿ ಬಂತು. ಹೋಗಿ ಕೇಳಿದೆವು. ಬಂದು ನೋಡಿದರು, ಮಕ್ಕಳು ಪದ್ಯ ಹೇಳಿದರು, ಚಹಾ ಆಯಿತು. ಆಮೇಲೆ ಕಾಗದ ಕೇಳಿದರು. ಸಂಘದ ನೋಂದಣಿ ಪತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗು ಹಾಕಿದ್ದೆವು, ಅದನ್ನೇ ಇಳಿಸಿ ಧೂಳು ಒರೆಸಿ ಕೈಗೆ ಕೊಟ್ಟೆವು. ಅವರು ನೋಡಿ, "ಇದು ಸರಿ, ಮೂರು ವರ್ಷದ ಆಡಿಟ್ ವರದಿ ಎಲ್ಲಿ?" ಅಂದರು. ನಾವು ಮುಖ ಮುಖ ನೋಡಿಕೊಂಡೆವು. ಆಡಿಟ್ ಅಂದರೆ ಲಕ್ಷಗಟ್ಟಲೆ ವ್ಯವಹಾರ ಇರುವವರ ತಲೆನೋವು ಅಂತ ನಮ್ಮ ಎಣಿಕೆ.

ಹಾಗಲ್ಲ. ನಮ್ಮ ರಾಜ್ಯದಲ್ಲಿ ಸಂಘಗಳು ನೋಂದಣಿ ಆಗೋದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಕೆಳಗೆ. ಕನಿಷ್ಠ 7 ಜನ ಸೇರಿದರೆ ಸಂಘ ಹುಟ್ಟುತ್ತದೆ. ಹುಟ್ಟಿಸುವುದು ಸುಲಭ, ಸಾಕುವುದೇ ಕಷ್ಟ. ಪ್ರತಿ ವರ್ಷ ವಾರ್ಷಿಕ ಸಭೆ ಮಾಡಬೇಕು, ಸಭೆಯಾಗಿ 14 ದಿನದೊಳಗೆ ಆಡಳಿತ ಮಂಡಳಿಯವರ ಪಟ್ಟಿ, ಆಡಿಟ್ ಆದ ಲೆಕ್ಕ ಎಲ್ಲ ನೋಂದಣಾಧಿಕಾರಿಗೆ ಕೊಡಬೇಕು. ನಿಮ್ಮ ಖಾತೆಯಲ್ಲಿ ಎರಡು ಸಾವಿರ ಇದ್ದರೂ ಅಷ್ಟೇ. ನಾವು ಒಂದು ವರ್ಷವೂ ಕೊಟ್ಟಿರಲಿಲ್ಲ. ಓಡಿಹೋಗಿ ಆಡಿಟರ್ ಹತ್ತಿರ ಕೂತರೆ ಅವರು ನಕ್ಕು, "ಏನ್ರೀ, ಕೂಸಿಗೆ ಹೆಸರಿಟ್ಟು ತೊಟ್ಟಿಲದಾಗ ಬಿಟ್ಟು ಹೋಗಿದ್ರೇನು?" ಅಂದರು. ಚೀಟಿ ಹುಡುಕಿ, ದಂಡ ಕಟ್ಟಿ, ಹಳೆಯ ವರ್ಷಗಳದ್ದೆಲ್ಲ ಸರಿಮಾಡುವಷ್ಟರಲ್ಲಿ ಮಾರ್ಚ್ 31 ದಾಟಿತ್ತು. ಕಂಪನಿಯ ಆ ವರ್ಷದ ದುಡ್ಡು ಬೇರೆ ಕಡೆ ಹೋಗಿತ್ತು. ಅವರ ತಪ್ಪೇನೂ ಇರಲಿಲ್ಲ ಬಿಡಿ.

ನನಗೆ ಹೊಟ್ಟೆ ಉರಿದದ್ದು ಬೇರೆ ಕಾರಣಕ್ಕೆ. ನಮ್ಮ ಓಣಿಯಲ್ಲೇ ಗಣಪತಿ ಕೂಡಿಸುವ ಹುಡುಗರಿದ್ದಾರೆ. ಪಟ್ಟಿ ಎತ್ತುತ್ತಾರೆ, ಹತ್ತು ರೂಪಾಯಿ ಕೊಟ್ಟವರ ಹೆಸರೂ ಬರೆಯುತ್ತಾರೆ, ಗಣಪತಿ ಕಳಿಸಿದ ಮಾರನೇ ದಿನ ಕಟ್ಟೆ ಮೇಲೆ ಕೂತು ಬಂದದ್ದೆಷ್ಟು, ಹೋದದ್ದೆಷ್ಟು ಅಂತ ಜೋರಾಗಿ ಓದುತ್ತಾರೆ. ಆ ಹುಡುಗರಿಗೆ ಬಂದ ಬುದ್ಧಿ ಪದವಿ, ಪಿಂಚಣಿ ಎಲ್ಲ ಇದ್ದ ನಮಗೆ ಬರಲಿಲ್ಲವಲ್ಲ! ಈಗ ಅವರಲ್ಲೇ ಒಬ್ಬನನ್ನು ನಮ್ಮ ಖಜಾಂಚಿ ಮಾಡಿದ್ದೇವೆ.

ಹಾಗಂತ ದುಡ್ಡು ಇಲ್ಲವಾ? ಇದೆ. 2013ರ ಕಂಪನಿ ಕಾಯ್ದೆಯ 135ನೇ ಕಲಮು ನೋಡಿ. ಹಿಂದಿನ ವರ್ಷ 5 ಕೋಟಿ ನಿವ್ವಳ ಲಾಭ ಬಂದಿದ್ದರೂ ಸಾಕು, ಆ ಕಂಪನಿ ತನ್ನ ಮೂರು ವರ್ಷದ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ತಾನು ಕೆಲಸ ಮಾಡುವ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಅಂತಲೂ ಅದೇ ಕಲಮಿನಲ್ಲಿದೆ. ಗಿಣಿಗೇರಾ ಕಡೆ ಇರಲಿ, ತೋರಣಗಲ್ಲು ಇರಲಿ, ಕಾರ್ಖಾನೆ ಹೊಗೆ ಕುಡಿಯುವವರು ನಾವೇ ಅಲ್ವಾ, ಕೇಳಲು ಸಂಕೋಚ ಯಾಕೆ? ಆದರೆ 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ಅನ್ನೋ ನಮೂನೆ ತುಂಬಿ ನಂಬರು ಪಡೆಯದ ಸಂಸ್ಥೆಗೆ ಈ ದುಡ್ಡು ಕೊಡುವಂತಿಲ್ಲ. ಅದಕ್ಕೆ ಮೊದಲು ಆದಾಯ ತೆರಿಗೆಯವರ ನೋಂದಣಿ ಬೇಕು, ಸಂಘಕ್ಕೂ ದಾನ ಕೊಟ್ಟವರಿಗೂ ತೆರಿಗೆ ರಿಯಾಯಿತಿ ಸಿಗುವಂಥದ್ದು, ಜನ 12ಎ, 80ಜಿ ಅಂತ ಕರೆಯುತ್ತಾರಲ್ಲ, ಅದು. ಇದರ ಜೊತೆಗೆ ಸಾಮಾನ್ಯವಾಗಿ ಮೂರು ವರ್ಷ ಕೆಲಸ ಮಾಡಿದ ಗುರುತೂ ಬೇಕು. ಅದಕ್ಕೇ ಹೇಳೋದು, ಮಕ್ಕಳ ಹಾಜರಿ ಪುಸ್ತಕ ಇವತ್ತೇ ಶುರು ಮಾಡಿ. ಅಷ್ಟೆಲ್ಲ ಆಗದಿದ್ದರೆ, ಈ ಕಾಗದಗಳೆಲ್ಲ ಇರುವ ದೊಡ್ಡ ಸಂಸ್ಥೆಯ ಜೊತೆ ಸೇರಿ ಅವರ ಹೆಸರಿನಲ್ಲೇ ಕೆಲಸ ಮಾಡಬಹುದು. ಅದರಲ್ಲಿ ಅವಮಾನ ಏನೂ ಇಲ್ಲ.

ನಮ್ಮ ಭಾಗದ ಅಭಿವೃದ್ಧಿಗೆ ಅಂತ ಇರುವ ಕಲ್ಯಾಣ ಕರ್ನಾಟಕ ಮಂಡಳಿ ದುಡ್ಡು, ಬಳ್ಳಾರಿ ಕಡೆಯವರು ಹೇಳುವ, ಗಣಿಯವರು ಕಟ್ಟುವ ಹಣದ ಜಿಲ್ಲಾ ಖನಿಜ ಪ್ರತಿಷ್ಠಾನದ ದುಡ್ಡು, ಇವು ದೊಡ್ಡ ಮೊತ್ತಗಳೇ. ಆದರೆ ಹೆಚ್ಚಾಗಿ ಇಲಾಖೆಗಳ ಮೂಲಕ ಕಟ್ಟಡ, ರಸ್ತೆ, ನೀರು ಅಂತ ಹೋಗುತ್ತವೆ. ಓಣಿ ಸಂಘ ಅದಕ್ಕೆ ನೇರವಾಗಿ ಕೈ ಚಾಚಿದರೆ ಸುಮ್ನೆ ಚಪ್ಪಲಿ ಸವೆಯುತ್ತದೆ. ನಾಟಕ, ಭಜನೆ, ಬಯಲಾಟ ನಡೆಸುವ ಸಂಘದವರಾದರೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯದ ಪ್ರಕಟಣೆ ಮೇಲೆ ಕಣ್ಣಿಡಿ.

ವಿದೇಶದ ದುಡ್ಡಿನ ಬಗ್ಗೆಯೂ ಒಂದು ಮಾತು. ಓಣಿಯ ಒಬ್ಬರ ಮಗ ಅಮೆರಿಕದಲ್ಲಿದ್ದಾನೆ, ಕಳಿಸ್ತೀನಿ ಅಂದ. ಅವನು ಇನ್ನೂ ಭಾರತದ ಪೌರನಾಗಿದ್ದು, ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ತೊಂದರೆ ಇಲ್ಲ. ಅಲ್ಲಿನ ಪೌರತ್ವ ತೆಗೆದುಕೊಂಡಿದ್ದರೆ ಮಾತ್ರ ಅದು ವಿದೇಶಿ ದೇಣಿಗೆ, ಕೇಂದ್ರದ ಅನುಮತಿ ಇಲ್ಲದೆ ಮುಟ್ಟುವ ಹಾಗಿಲ್ಲ. ಹುಡುಗ ನಮ್ಮವನೇ, ಆದರೆ ಕಾನೂನು ನೋಡೋದು ಪಾಸ್‌ಪೋರ್ಟನ್ನು.

ಇನ್ನು ಏನು ಕೇಳಬೇಕು ಅನ್ನೋದು. ಇಲ್ಲಿ ನನಗೆ ಸ್ವಲ್ಪ ಸಿಟ್ಟಿದೆ. ಕೊಡುವವರಿಗೆಲ್ಲ ವಸ್ತು ಕೊಡುವ ಆಸೆ. ಬ್ಯಾಗು, ಬೆಂಚು, ಕಂಪ್ಯೂಟರ್, ಅದರ ಮೇಲೆ ದಪ್ಪ ಅಕ್ಷರದ ಹೆಸರು. ನಮ್ಮ ಖೋಲಿಯಲ್ಲೂ ದಾನ ಬಂದ ಎರಡು ಕಂಪ್ಯೂಟರ್ ಇವೆ, ಹೊದಿಕೆ ಹೊದ್ದು ಮಲಗಿವೆ, ಕಲಿಸುವವರಿಲ್ಲ. ಅಕ್ಕನ ತಿಂಗಳ ಗೌರವಧನ ಅಂದ ಕೂಡಲೇ ಎಲ್ಲರ ಮುಖ ಸಣ್ಣದಾಗುತ್ತದೆ. ಹೆಸರು ಕೆತ್ತಿಸಲು ಅಲ್ಲಿ ಜಾಗ ಇಲ್ಲ ನೋಡಿ. ನಾವೂ ಮೊದಲ ಅರ್ಜಿಯಲ್ಲಿ ಅವರಿಗೆ ಹಿಡಿಸಲಿ ಅಂತ ಕಟ್ಟಡವನ್ನೇ ಕೇಳಿದ್ದೆವು. ಕಟ್ಟಡ ಬಂದಿದ್ದರೆ ಬೀಗ ಹಾಕಿಕೊಂಡು ಕೂಡಬೇಕಿತ್ತು. ಈ ಸಲ ಅಂದಾಜು ಖರ್ಚಿನ ಮೊದಲ ಸಾಲಿನಲ್ಲೇ ಅಕ್ಕನ ಗೌರವಧನ ಬರೆದಿದ್ದೇವೆ, ಕರೆಂಟ್ ಬಿಲ್ಲು ಆಮೇಲೆ.

ದುಡ್ಡು ಬಂದ ಮೇಲೂ ಒಂದು ಎಚ್ಚರ. ಹೆಚ್ಚಿನ ಅನುದಾನ ಕಂತಿನಲ್ಲಿ ಬರುತ್ತದೆ. ಮೊದಲ ಕಂತಿನ ಬಳಕೆ ಪ್ರಮಾಣಪತ್ರ, ಅದೇ ಯುಸಿ ಅಂತೀವಲ್ಲ, ಕೊಡದೆ ಎರಡನೆಯದು ಬರಲ್ಲ. ಚಾಪೆ ತಂದ ರಸೀದಿ ಯಾರದೋ ಅಂಗಿ ಜೇಬಿನಲ್ಲಿ ಬಟ್ಟೆ ಜೊತೆ ಒಗೆದು ಹೋದರೆ ಆ ಖರ್ಚು ನಿಮ್ಮದೇ. ಇದು ನನ್ನ ಅಂಗಿಯ ಕಥೆ.

ಹೊಸ ಅರ್ಜಿ ಕಳಿಸಿದ್ದೇವೆ, ಉತ್ತರ ಇನ್ನೂ ಬಂದಿಲ್ಲ. ಈ ನಡುವೆ ಖೋಲಿಯ ಫ್ಯಾನು ಕೆಟ್ಟಿದೆ, ಬಿಸಿಲು ನಿಮಗೇ ಗೊತ್ತು. ನಿನ್ನೆಯಿಂದ ಖಜಾಂಚಿ ಹುಡುಗ ಪುಸ್ತಕ ಹಿಡಿದು ಪಟ್ಟಿ ಎತ್ತುತ್ತಿದ್ದಾನೆ. ನನ್ನ ಹತ್ತಿರ ಇನ್ನೂರು ತೆಗೆದುಕೊಂಡ, ರಸೀದಿಯನ್ನೂ ಹರಿದುಕೊಟ್ಟ. ನಮಸ್ಕಾರ.